ನಡುವಿನ ಸ್ಕ್ರೀನ್

ಸ್ಕ್ರೀನ್ ಒಯ್ಯಲು ಬಂದವರು ಬಾಗಿಲ ಚಾಪೆಯ ಮೇಲೆ ಬಹಳ ಹೊತ್ತು ಕಾಲು ಒರೆಸಿದರು. ಹೊರಗೆ ಬಿಸಿಲಿತ್ತು, ಬೂಟಿನಲ್ಲಿ ಮಣ್ಣಿರಲಿಲ್ಲ. ಸಾವಾದ ಮನೆಗೆ ಬರುವವರು ಇಂಥ ಬೇಡದ ಎಚ್ಚರಗಳನ್ನು ವಹಿಸುತ್ತಾರೆ.

ಅವರು ನನ್ನ ಗಂಡನ ಕಚೇರಿಯ ಉಗ್ರಾಣ ನೋಡಿಕೊಳ್ಳುವವರು. ಅವನು ಕುಸಿದದ್ದು ಕಚೇರಿಯ ಮೆಟ್ಟಿಲ ಮೇಲೆ. ಅವನ ಲ್ಯಾಪ್‌ಟಾಪ್ ಆ ದಿನ ಅಲ್ಲೇ ಇತ್ತು, ಅಲ್ಲೇ ಉಳಿಯಿತು. ಮನೆಯಲ್ಲಿ ಉಳಿದದ್ದು ಮೇಜಿನ ಮೇಲಿನ ದೊಡ್ಡ ಸ್ಕ್ರೀನ್. ಅದೂ ಕಚೇರಿಯದೇ.

"ಮೊದಲೇ ಬರಬೇಕಿತ್ತಮ್ಮ, ನನಗೇ ಮನಸ್ಸು ಬರಲಿಲ್ಲ," ಎಂದರು. "ಈಗ ತಪಾಸಣೆಯವರು ಬೆನ್ನು ಬಿದ್ದಿದ್ದಾರೆ."

"ಪರವಾಗಿಲ್ಲ, ತಗೊಂಡು ಹೋಗಿ."

"ನೀವೂ ಇದನ್ನ ಉಪಯೋಗಿಸ್ತಿದ್ರಾ?"

"ಸ್ವಲ್ಪ."

"ಬೇಕು ಅಂತ ಒಂದು ಮಾತು ಹೇಳಿ, ನಾನು ಮೇಲಿನವರ ಹತ್ರ ಮಾತಾಡ್ತೀನಿ. ಹಳೇ ಮಾಲು. ಬಿಟ್ಟರೂ ಬಿಟ್ಟಾರು."

ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಬೇಕು ಎಂಬ ಪದ ನಾಲಿಗೆಯವರೆಗೆ ಬಂತು. ಎಷ್ಟೋ ದಿನಗಳಿಂದ ಆ ಪದವನ್ನು ಯಾವುದರ ಬಗ್ಗೆಯೂ ಬಳಸಿರಲಿಲ್ಲ. ಶುರುಮಾಡಿದರೆ ಎಲ್ಲಿ ನಿಲ್ಲಿಸಬೇಕೋ ಗೊತ್ತಿರಲಿಲ್ಲ.

"ಬೇಡ," ಎಂದೆ.

ಅವರು ತಂತಿ ಕಳಚಿದರು, ಸ್ಕ್ರೀನನ್ನು ತಾವೇ ತಂದಿದ್ದ ಹೊದಿಕೆಯಲ್ಲಿ ಸುತ್ತಿದರು. ಮೇಜಿನ ಹಿಂದೆ ಅಂಗೈಯಷ್ಟು ಅಗಲದ ಕಪ್ಪು ಡಬ್ಬಿಯೊಂದು ತೂಗಾಡುತ್ತಿತ್ತು. ನನ್ನ ಲ್ಯಾಪ್‌ಟಾಪನ್ನು ಸ್ಕ್ರೀನಿಗೆ ಜೋಡಿಸುತ್ತಿದ್ದದ್ದು ಅದು.

"ಇದು ನಮ್ಮದಾ?"

"ಅಲ್ಲ, ನನ್ನದು. ಅದರಿಂದಲೇ ಚಾರ್ಜ್ ಆಗೋದು."

"ಸರಿ, ಹಾಗಾದ್ರೆ ಇರಲಿ." ಅದನ್ನು ಮತ್ತೆ ಇದ್ದಲ್ಲಿಗೇ ಚುಚ್ಚಿಕೊಟ್ಟರು. ಹೋಗುವಾಗಲೂ ಚಾಪೆಯ ಮೇಲೆ ಕಾಲು ಒರೆಸಿದರು.

ನಮ್ಮದು ನಿಜವಾದ ಮೇಜೂ ಅಲ್ಲ. ಈ ಮನೆಯಲ್ಲಿ ಮುಂಚೆ ಇದ್ದವರು ಬಿಟ್ಟುಹೋದ ಒಂದು ಬಾಗಿಲು. ಅದನ್ನು ಎರಡು ಗಿಡ್ಡ ಕಪಾಟುಗಳ ಮೇಲೆ ಮಲಗಿಸಿದ್ದೆವು. ಹಿಡಿ ಇದ್ದ ಜಾಗದಲ್ಲಿ ತೂತು, ತಂತಿಗಳೆಲ್ಲ ಅದರೊಳಗೆ ಇಳಿಯುತ್ತಿದ್ದವು. ಎಡತುದಿಗೆ ನನ್ನ ಗಂಡ, ಬಲತುದಿಗೆ ನಾನು, ನಡುವೆ ಸ್ಕ್ರೀನ್. ಅವನು ಲಿಫ್ಟುಗಳ ನಕ್ಷೆ ಬರೆಯುತ್ತಿದ್ದ. ನನ್ನದು ಕೈಪಿಡಿಗಳ ಕೆಲಸ. ಬಟ್ಟೆ ಒಗೆಯುವ ಯಂತ್ರ, ಒಲೆ, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುವ, ಯಾರೂ ಓದದ ಪುಸ್ತಕಗಳು. ಒಬ್ಬರು ಅನುವಾದ ಮಾಡಿ ಕಳಿಸುತ್ತಾರೆ. ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಬಿಟ್ಟುಹೋಗಿದೆಯೇ, ಅಂಕಿ ತಪ್ಪಿದೆಯೇ ಎಂದು ನೋಡಿ ತಿದ್ದುವವಳು ನಾನು. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳು.

"ಅಷ್ಟು ಓದಿ, ಬೆಕ್ಕನ್ನ ಮೆಷಿನ್ನಲ್ಲಿ ಒಣಗಿಸಬೇಡಿ ಅಂತ ತಿದ್ದುತಾ ಕೂತಿದೀಯಲ್ಲೇ," ಎಂದು ಅತ್ತಿಗೆ ಒಮ್ಮೆ ನಕ್ಕಿದ್ದರು.

"ಯಾರೋ ಒಣಗಿಸಿರಬೇಕಲ್ಲ ಅತ್ತಿಗೆ, ಅದಕ್ಕೇ ಬರೆದಿದ್ದಾರೆ," ಎಂದು ಅವನು ನನ್ನ ಪರ ವಹಿಸಿದ್ದ.

ಒಂದೇ ಸ್ಕ್ರೀನಿಗೆ ಎರಡು ತಂತಿ, ಒಂದು ಅವನದು, ಒಂದು ನನ್ನದು. ಹಿಂದಿನ ಗುಂಡಿ ಒತ್ತಿದರೆ ಅವನ ಲಿಫ್ಟು ಹೋಗಿ ನನ್ನ ಒಲೆ ಬರುತ್ತಿತ್ತು. ಊಟದವರೆಗೆ ನನ್ನ ಪಾಳಿ, ಆಮೇಲೆ ಅವನದು. ಆದರೆ ಪಾಳಿ ಮುಗಿದದ್ದು ನನ್ನ ಲ್ಯಾಪ್‌ಟಾಪಿಗೆ ಹೇಗೆ ಗೊತ್ತಾಗಬೇಕು? ಸ್ಕ್ರೀನ್ ಇನ್ನೂ ತನ್ನದೇ ಎಂದುಕೊಂಡು ಅದು ತನ್ನ ಪುಟ್ಟ ಪ್ರಶ್ನೆಪೆಟ್ಟಿಗೆಗಳನ್ನು ಅತ್ತಲೇ ಕಳಿಸುತ್ತಿತ್ತು. ಟಿಣ್ ಎಂದು ಸದ್ದಾಗುತ್ತಿತ್ತು, ನನ್ನ ಮುಂದೆ ಏನೂ ಕಾಣುತ್ತಿರಲಿಲ್ಲ, ಕೆಲಸ ಮಾತ್ರ ಕಲ್ಲಿನಂತೆ ನಿಲ್ಲುತ್ತಿತ್ತು. ಅವನು ಗುಂಡಿ ಒತ್ತಿ ನೋಡುತ್ತಿದ್ದ.

"ನಿನ್ನ ಪೆಟ್ಟಿಗೆ ಏನೋ ಕೇಳ್ತಿದೆ. ಹೌದು ಅನ್ನಲಾ?"

"ಹೌದು ಅನ್ನು."

"ಓದೋದೂ ಇಲ್ವಾ? ಮನೆಮಠ ಬರೆದುಕೊಡ್ತೀಯಾ ಅಂತ ಕೇಳ್ತಿದ್ರೆ?"

"ನೀನು ಓದಿದೀಯಲ್ಲ."

ಅವನು ಕೈ ಚಾಚಿ ನನ್ನ ಎಂಟರ್ ಕೀ ಒತ್ತುತ್ತಿದ್ದ. ಕೆಲಸ ಮುಂದೆ ಸಾಗುತ್ತಿತ್ತು. ನಾನು ತಲೆ ಎತ್ತಿದ್ದೇ ಇಲ್ಲ.

ಉಗ್ರಾಣದವರು ಹೋದ ಮೇಲೆ ಅಣ್ಣ ಚಹಾ ಮಾಡಿಕೊಂಡು ಬಂದು ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಕೂತ. ನನ್ನ ಗಂಡನ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ.

"ಹೊರಡು ಅಂತ ಬಲವಂತ ಮಾಡಲ್ಲ. ಆದ್ರೆ ನಿನ್ನ ಅತ್ತಿಗೆ ಕೋಣೆ ಸಜ್ಜು ಮಾಡಿ ಇಟ್ಟಿದ್ದಾಳೆ. ಎಷ್ಟು ದಿನ ಅಂತ ಹೀಗೆ?"

"ಹೀಗೆ ಅಂದ್ರೆ?"

"ಹೀಗೆ." ಅವನು ಕೈಯಿಂದ ಕೋಣೆಯನ್ನು ತೋರಿಸಿದ. ಕಿಟಕಿ, ಬಾಗಿಲಿನ ಮೇಜು, ನಾನು. "ಕೆಲಸ ಮುಟ್ಟಿಲ್ಲ. ಊಟ ಮಾಡಿದ್ಯೋ ಬಿಟ್ಯೋ ಯಾರಿಗೂ ಗೊತ್ತಿಲ್ಲ. ನನಗೆ ನಿದ್ದೆ ಹತ್ತಬೇಕಲ್ಲ."

ನನಗೆ ಈ ಕೋಣೆ ಬಿಡಲು ಇಷ್ಟವಿರಲಿಲ್ಲ. ಇಲ್ಲಿ ಇನ್ನೂ ನನಗೆ ದಿಕ್ಕು ತಿಳಿಯುತ್ತಿತ್ತು, ಅಷ್ಟೇ.

"ಹೊಸದಾಗಿ ಒಂದು ಪುಸ್ತಕ ಬಂದಿದೆ," ಎಂದೆ. "ಒಲೆಯದು. ದೊಡ್ಡದು."

ಅಣ್ಣ ಲೋಟ ಕೆಳಗಿಟ್ಟ. ವ್ಯಾಪಾರದವನು, ಯಾವ ಮಾತನ್ನೂ ಒಪ್ಪಂದ ಮಾಡಿಕೊಳ್ಳುವುದು ಅವನ ಅಭ್ಯಾಸ. "ಸರಿ. ಅದನ್ನ ನೆಟ್ಟಗೆ ಮುಗಿಸಿ ಕೊಡು. ಕೊಟ್ಟರೆ ನೀನು ಇಲ್ಲೇ ಇರು, ನಾನು ಬಾಯಿ ಬಿಡಲ್ಲ. ಆಗಲಿಲ್ಲ ಅಂದ್ರೆ ಕಾರು ತರ್ತೀನಿ, ಸುಮ್ಮನೆ ಬಂದುಬಿಡಬೇಕು."

"ಆಯ್ತು."

ಪುಸ್ತಕ ಕೊಟ್ಟವರು ನಮ್ಮ ಮೇಲ್ವಿಚಾರಕಿ. ನಮ್ಮೊಳಗೆ ಅವರಿಗೆ ಅಲ್ಪವಿರಾಮ ಮೇಡಂ ಎಂದು ಹೆಸರು. ಒಂದು ಅಲ್ಪವಿರಾಮಕ್ಕಾಗಿ ಇಡೀ ಅಧ್ಯಾಯ ವಾಪಸು ಕಳಿಸಬಲ್ಲರು. ಸ್ಕ್ರೀನ್ ಹೋದ ಸಂಗತಿಯನ್ನು ಅವರಿಗೆ ಫೋನಿನಲ್ಲಿ ಹೇಳಿದೆ.

"ಒಂದರಲ್ಲೇ ಹೋಲಿಸಿ ನೋಡ್ತೀಯಾ? ಕಣ್ಣು ಕಿತ್ತು ಬರುತ್ತೆ ಕಣೇ."

"ನೋಡ್ತೀನಿ ಮೇಡಂ."

"ಮನೆಯಿಂದ ಕೆಲಸ ಮಾಡೋರಿಗೆ ಎರಡನೇದು ಕೊಡ್ತಾರೆ. ಆದ್ರೆ ಮೇಲೆ ಕೂತಿರೋರಿಗೆ ಎಲ್ಲದಕ್ಕೂ ಕಾರಣ ಬೇಕು. ಲ್ಯಾಪ್‌ಟಾಪಿನಲ್ಲೇ ಒಂದು ಇದೆಯಲ್ಲ, ಇನ್ನೊಂದು ಯಾಕೆ ಅಂತ ಕೇಳ್ತಾರೆ. ನನಗೆ ಯಾಕೆ ಬೇಕು ಅಂತ ಒಂದೇ ಒಂದು ಸಾಲು ಬರೆದು ಕಳಿಸು. ಮಿಕ್ಕಿದ್ದು ನನಗೆ ಬಿಡು."

ಆ ಸಾಲು ಬರೆಯಲು ಕೂತೆ. ನನಗೆ ಎರಡನೆಯ ಸ್ಕ್ರೀನ್ ಬೇಕು, ಏಕೆಂದರೆ. ಅಲ್ಲಿಗೆ ನಿಂತಿತು. ಮೂಲ ಮತ್ತು ಅನುವಾದ ಎರಡೂ ಒಟ್ಟಿಗೆ ಕಾಣಬೇಕು ಎಂದು ಬರೆದರೆ ಸಾಕಿತ್ತು, ಅದು ನಿಜವೂ ಆಗಿತ್ತು. ಬರೆದು ಅಳಿಸಿದೆ. ಮರುದಿನವೂ ಅಷ್ಟೇ ಆಯಿತು.

ಒಂದು ಸಂಜೆ ಅಂಗಡಿಗೆ ಹೋದೆ. ಗೋಡೆಯ ತುಂಬ ಸ್ಕ್ರೀನುಗಳು, ಎಲ್ಲದರಲ್ಲೂ ಒಂದೇ ಮೀನು ಒಂದೇ ಕಡೆಗೆ ಈಜುತ್ತಿತ್ತು. ಮಾರುವವನು ಬೇಸತ್ತ ಮುಖದ ನಡುವಯಸ್ಸಿನವನು.

"ಯಾರಿಗೆ ಮೇಡಂ? ಆಟ ಆಡೋರಿಗಾ, ಕೆಲಸಕ್ಕಾ?"

"ಕೆಲಸಕ್ಕೆ. ನನಗೇ."

"ಲ್ಯಾಪ್‌ಟಾಪ್ ಇದೆಯಾ?"

"ಇದೆ."

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಮ್ಮ ಯಜಮಾನರು ಕೇಳಿಸಿಕೊಳ್ಳಬಾರದು. ನಿಜ ಹೇಳ್ಲಾ? ಅರ್ಧಕ್ಕರ್ಧ ಜನಕ್ಕೆ ಇದು ಬೇಕಾಗೇ ಇಲ್ಲ. ತಗೊಂಡು ಹೋಗಿ ಒಂದರಲ್ಲಿ ಕೆಲಸ, ಒಂದರಲ್ಲಿ ಸಿನಿಮಾ ಹಾಕ್ತಾರೆ. ಮೊದಲಿಂದ ಎರಡಿಟ್ಟುಕೊಂಡು ಅಭ್ಯಾಸ ಆಗಿದೆಯಾ ನಿಮಗೆ?"

"ಆಗಿದೆ."

"ಹಾಗಾದ್ರೆ ಸ್ವಲ್ಪ ದಿನ ಕೈ ಮುರಿದ ಹಾಗಿರುತ್ತೆ. ಆಮೇಲೆ ಒಂದೇ ಸಾಕು ಅನ್ಸುತ್ತೆ. ಎಲ್ಲರಿಗೂ ಅನ್ಸಿದೆ, ನಿಮಗೂ ಅನ್ಸುತ್ತೆ."

ಈ ಮಾತನ್ನು ನನಗೆ ಬೇರೆ ಬೇರೆ ಜನ, ಬೇರೆ ವಿಷಯದ ಬಗ್ಗೆ, ಹೆಚ್ಚುಕಡಿಮೆ ಇದೇ ದನಿಯಲ್ಲಿ ಹೇಳಿದ್ದರು. ಅವರಿಗೆ ಹೇಳಿದಂತೆ ಇವನಿಗೂ ಹೌದು ಎಂದು ತಲೆಯಾಡಿಸಿ ಹೊರಗೆ ಬಂದೆ.

ಒಂದರಲ್ಲೇ ಕೆಲಸ ಶುರುವಾಯಿತು. ಲ್ಯಾಪ್‌ಟಾಪನ್ನು ನಡುವೆ ಸೀಳಿ, ಅರ್ಧಕ್ಕೆ ಮೂಲ, ಅರ್ಧಕ್ಕೆ ಅನುವಾದ ಹಾಕಿದೆ. ಸಾಲುಗಳು ಕಾಲು ಮಡಚಿ ಮಲಗಿದವು, ಕೋಷ್ಟಕಗಳು ಚೂರುಚೂರಾದವು. ಅದು ಬೇಡವೆಂದು ಒಂದರ ಹಿಂದೆ ಒಂದು ಇಟ್ಟು ತಿರುವಿ ನೋಡಿದೆ. ಈಚೆಯಿಂದ ಆಚೆಗೆ ಹೋಗುವ, ರೆಪ್ಪೆ ಹೊಡೆಯುವಷ್ಟು ಹೊತ್ತಿನಲ್ಲಿ ಅಂಕಿ ಮನಸ್ಸಿನಿಂದ ಜಾರಿಬಿಡುತ್ತಿತ್ತು. ನೂರಾ ಎಂಬತ್ತೋ, ಎಂಟುನೂರೋ? ಮತ್ತೆ ಹಿಂದೆ, ಮತ್ತೆ ಮುಂದೆ.

ಕತ್ತು ಮಾತ್ರ ತಾನಾಗಿ ಎಡಕ್ಕೆ ಹೊರಳುತ್ತಿತ್ತು. ಅಲ್ಲಿ ಈಗ ಅವನ ಕುರ್ಚಿ ನೇರವಾಗಿ ಕಾಣುತ್ತಿತ್ತು. ಇಷ್ಟು ದಿನ ಸ್ಕ್ರೀನ್ ಅದನ್ನು ಮರೆ ಮಾಡಿತ್ತು. ಆ ತುದಿಯಲ್ಲಿ ಅವನು ಕೂತಿದ್ದಾನೆ ಎಂದುಕೊಂಡು ಕೆಲಸ ಮಾಡಬಹುದಿತ್ತು, ಹಾಗೆ ಅಂದುಕೊಂಡಿದ್ದೆ ಎಂಬುದೇ ನನಗೆ ಈಗ ತಿಳಿದದ್ದು. ಕುರ್ಚಿಯನ್ನು ಒಯ್ದು ಅಡುಗೆಮನೆಯಲ್ಲಿ ಇಟ್ಟೆ. ಅಲ್ಲಿ ಅದು ಇನ್ನೂ ದೊಡ್ಡದಾಗಿ ಕಂಡಿತು. ವಾಪಸು ತಂದಿಟ್ಟೆ.

ಆಮೇಲೆ ಒಂದು ಉಪಾಯ ಹೊಳೆಯಿತು. ಮೂಲದ ಸಾಲನ್ನು ಗಟ್ಟಿಯಾಗಿ ಓದುವುದು, ದನಿ ಕಿವಿಯಲ್ಲಿ ಇರುವಾಗಲೇ ಅನುವಾದಕ್ಕೆ ತಿರುಗುವುದು. ಖಾಲಿ ಕೋಣೆಯಲ್ಲಿ ಓದತೊಡಗಿದೆ. ಒಲೆಯನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಒಲೆಯ ಬಾಗಿಲಿನ ಮೇಲೆ ಕೂರಬೇಡಿ. ಬಿಸಿಯಾದ ಭಾಗಗಳು ಆರುವವರೆಗೆ ಕಾಯಿರಿ. ಮೊದಮೊದಲು ನನ್ನ ದನಿ ನನಗೇ ಪರಕೀಯವಾಗಿತ್ತು. ಆಮೇಲೆ ಕೆಲಸ ಆಗತೊಡಗಿತು. ನಿಧಾನ, ಆದರೂ ಆಗತೊಡಗಿತು. ಅಂಗಡಿಯವನು ಹೇಳಿದ್ದು ಸರಿಯೇನೋ ಅನ್ನಿಸಿತು.

"ಎಲ್ಲಿಗೆ ಬಂತು ಒಲೆ?" ಎಂದು ಅಣ್ಣ ಫೋನ್ ಮಾಡಿದ.

"ಎಚ್ಚರಿಕೆಗಳ ಅಧ್ಯಾಯ ಮುಗೀತು. ಇನ್ನು ಕೊನೇದು."

"ಭಲೆ." ನಿಜಕ್ಕೂ ಅವನಿಗೆ ಸಂತೋಷವಾಗಿತ್ತು. "ನಿನ್ನ ಅತ್ತಿಗೆಗೆ ಹೇಳ್ತೀನಿ, ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ ಇಟ್ಟುಕೊಳ್ಳಲಿ."

ಮರುದಿನ ಕಳಿಸಿಕೊಡುವುದಿತ್ತು. ಮಧ್ಯಾಹ್ನ, ಕೊನೆಯ ಅಧ್ಯಾಯದ ಕೊನೆಯ ಪುಟ. ಸ್ವಚ್ಛಗೊಳಿಸುವ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ. ಓದಿದೆ, ತಿರುಗಿದೆ, ತಿದ್ದಿದೆ, ಕಳಿಸುವ ಗುಂಡಿ ಒತ್ತಿದೆ.

ಟಿಣ್.

ಪುಟ ನಿಂತಿತು. ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ, ಎಳೆದರೆ ಬರಲಿಲ್ಲ. ಪ್ರತಿ ಸಲ ಮುಟ್ಟಿದಾಗಲೂ ಟಿಣ್. ನನ್ನ ಮುಂದೆ ಯಾವ ಪೆಟ್ಟಿಗೆಯೂ ಇರಲಿಲ್ಲ. ಮೌಸಿನ ಬಾಣವನ್ನು ಎಡಕ್ಕೆ ತಳ್ಳಿದೆ. ಅದು ಅಂಚು ದಾಟಿ ಹೋಯಿತು. ಲ್ಯಾಪ್‌ಟಾಪಿನ ಎಡಗಡೆಯ ಅಂಚನ್ನು ದಾಟಿ, ಏನೂ ಇಲ್ಲದ ಕಡೆಗೆ ಹೋಯಿತು, ಕಾಣಿಸಲಿಲ್ಲ.

ನನ್ನ ಎಡಗೈ ಮೇಜಿನ ಮೇಲಿತ್ತು. ಪೆಟ್ಟಿಗೆ ಏನೋ ಕೇಳುತ್ತಿದೆ ಎಂದು ಗೊತ್ತಿತ್ತು. ಕೇಳುವುದನ್ನು ಓದಬೇಕಾದವನು ಅಲ್ಲಿಲ್ಲ ಎಂಬುದೂ ಗೊತ್ತಿತ್ತು.

"ಹೌದು ಅನ್ನು," ಎಂದೆ. ಓದಿ ಓದಿ ದನಿ ರೂಢಿಯಾಗಿತ್ತು, ಗಟ್ಟಿಯಾಗಿಯೇ ಬಂತು. ನಾನೇ ಕೈ ಚಾಚಿ ಎಂಟರ್ ಒತ್ತಿದೆ.

ಪುಟ ಸಲೀಸಾಗಿ ಬಿಡುಗಡೆಯಾಯಿತು. ಸ್ವಚ್ಛಗೊಳಿಸುವ ಮುನ್ನ ಎಂಬ ಸಾಲಿಗೆ ನಾನು ಮಾಡಿದ ತಿದ್ದು ಅಲ್ಲಿರಲಿಲ್ಲ. ಮೇಲಿನ ಪುಟಕ್ಕೆ ಹೋದೆ. ಅಲ್ಲೂ ಇರಲಿಲ್ಲ. ಎಚ್ಚರಿಕೆಗಳ ಅಧ್ಯಾಯದಲ್ಲಿ ನಾನು ನೂರಾ ಎಂಬತ್ತಕ್ಕೆ ತಿದ್ದಿದ್ದ ಎಂಟುನೂರು ಡಿಗ್ರಿ ಮತ್ತೆ ಎಂಟುನೂರೇ ಆಗಿತ್ತು.

ಕಂಪ್ಯೂಟರ್ ನೆರವಿನ ವಿಭಾಗಕ್ಕೆ ಫೋನ್ ಮಾಡಿದೆ. ಒಬ್ಬ ಹೆಂಗಸು, ತಾಳ್ಮೆಯ ದನಿ. ದೂರದಿಂದಲೇ ನನ್ನ ಲ್ಯಾಪ್‌ಟಾಪಿನೊಳಗೆ ಬಂದು ನೋಡುತ್ತೇನೆ ಎಂದರು.

"ನಾನು ಮುಟ್ಟೋಕೆ ನಿಮ್ಮ ಅನುಮತಿ ಕೇಳೋ ಪೆಟ್ಟಿಗೆ ಬಂದಿದೆಯಲ್ಲ ಮೇಡಂ. ಎಡಗಡೆ ಸ್ಕ್ರೀನಲ್ಲಿ ನೋಡಿ."

"ಎಡಗಡೆ ಏನೂ ಇಲ್ಲ."

"ಇದೆ ಮೇಡಂ. ನನಗೆ ಇಲ್ಲಿಂದ ಕಾಣ್ತಿದೆ."

"ಆ ಸ್ಕ್ರೀನ್ ತಗೊಂಡು ಹೋದರು. ಈಗ ಇಲ್ಲ."

ಆಕೆ ಸ್ವಲ್ಪ ಹೊತ್ತು ಏನೋ ಒತ್ತುತ್ತಿದ್ದರು. "ನಿಮ್ಮ ಲ್ಯಾಪ್‌ಟಾಪಿಗೆ ಅದು ಇನ್ನೂ ಇದೆ ಅಂತಲೇ ಲೆಕ್ಕ. ಒಂದು ಚಿಕ್ಕ ಕಪ್ಪು ಡಬ್ಬಿ ಚುಚ್ಚಿದೀರಾ? ಕೆಲವು ಡಬ್ಬಿಗಳು ಹೀಗೆ ಮಾಡ್ತವೆ. ಆಚೆ ಯಾರೂ ಇಲ್ಲದಿದ್ರೂ ಇದಾರೆ ಇದಾರೆ ಅಂತ ಹೇಳ್ತಾ ಇರ್ತವೆ. ಕಿತ್ತಿಟ್ಟಿದ್ರೆ ಮುಗೀತಿತ್ತು."

"ಅದು ಏನು ಕೇಳಿತ್ತು?"

"ಯಾವುದು?"

"ಪೆಟ್ಟಿಗೆ. ಮೊದಲನೇದು."

"ಓಹ್, ಅದು ದಾಖಲೆಯಲ್ಲಿದೆ. ಕಚೇರಿಯಲ್ಲಿರೋ ಪ್ರತಿಗೂ ನಿಮ್ಮ ಪ್ರತಿಗೂ ತಾಳೆ ಆಗ್ತಿಲ್ಲ, ನಿಮ್ಮದನ್ನ ತೆಗೆದು ಹಳೇದನ್ನೇ ಇಡಲಾ ಅಂತ. ನೀವು ಹೌದು ಅಂದಿದೀರಿ."

"ವಾಪಸು ತರೋಕೆ ಆಗಲ್ವಾ?"

"ಹೌದು ಅಂದ ಮೇಲೆ ಅದು ಏನೂ ಉಳಿಸಿಕೊಳ್ಳಲ್ಲ ಮೇಡಂ." ಆಕೆಗೆ ನಿಜವಾಗಿಯೂ ಪಾಪ ಅನ್ನಿಸಿತ್ತು. "ಇಲ್ಲ ಅಂದಿದ್ರೆ ಆಗ್ತಿತ್ತು."

ಅಲ್ಪವಿರಾಮ ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಮತ್ತೆ ಮೊದಲಿಂದ ಮಾಡ್ತೀನಿ ಮೇಡಂ."

"ಹೇಗೇ ಮಾಡ್ತೀಯ? ಮುದ್ರಣಕ್ಕೆ ಹೋಗಬೇಕು. ಇಲ್ಲಿ ಇಬ್ಬರಿಗೆ ಹರಿದು ಹಂಚಿ ಮುಗಿಸ್ತೀನಿ." ಆಮೇಲೆ, "ಒಂದೇ ಒಂದು ಸಾಲು ಬರಿ ಅಂದಿದ್ದೆ ನಾನು."

"ಹೌದು ಮೇಡಂ."

"ಸ್ವಲ್ಪ ದಿನ ಸುಧಾರಿಸಿಕೋ. ಚಿಕ್ಕಪುಟ್ಟದ್ದು ಬಂದ್ರೆ ಕೊಡ್ತೀನಿ."

ಅಣ್ಣನಿಗೆ ನಾನೇ ಫೋನ್ ಮಾಡಿದೆ. ಮಾತು ಮಾತೇ ತಾನೆ. ಅವನು ಏನಾಯಿತು ಎಂದು ಕೇಳಲಿಲ್ಲ, "ಬರ್ತೀನಿ," ಎಂದ. ಮರುದಿನ ಕಾರು ತಂದು, ಬಟ್ಟೆಗಳನ್ನೂ ಪುಸ್ತಕಗಳನ್ನೂ ಕೆಳಗೊಯ್ದು ಅದಕ್ಕೆ ತುಂಬಿದ. ಬಾಗಿಲಿನ ಮೇಜಿನ ಎದುರು ನಿಂತು ತಲೆ ಕೆರೆದುಕೊಂಡ.

"ಇದು ಕಾರಿನಲ್ಲಿ ಹಿಡಿಯಲ್ಲ."

"ಇರಲಿ. ಮುಂಚೆ ಇದ್ದವರದು."

ಡಬ್ಬಿಯನ್ನು ನಾನೇ ಕಿತ್ತೆ. ಕಿತ್ತಾಗ ಲ್ಯಾಪ್‌ಟಾಪ್ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಎಡ ಅಂಚಿನಾಚೆ ಎಲ್ಲಿಯೋ ನಿಂತಿದ್ದ ಬಾಣ ಒಳಕ್ಕೆ ಬಂದು ನಡುವೆ ನಿಂತಿತು. ಅದನ್ನೇ ನೋಡುತ್ತ ನಿಂತೆ. ಅಣ್ಣ ಕೆಳಗಿನಿಂದ ಹಾರ್ನ್ ಮಾಡಿದ.

ಅಣ್ಣನ ಮನೆಯ ಕೋಣೆಯಲ್ಲಿ ಒಳ್ಳೆಯ ಬೆಳಕಿತ್ತು. ನಿಜವಾದ ಮೇಜು, ಮೇಜಿನ ಮೇಲೆ ದೊಡ್ಡ ಹೊಸ ಸ್ಕ್ರೀನ್. ಅಂಚಿನ ಪ್ಲಾಸ್ಟಿಕ್ ಹಾಳೆ ಇನ್ನೂ ಸುಲಿದಿರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು, ಮುಖದಲ್ಲಿ ಗುಟ್ಟು ಹಿಡಿದಿಟ್ಟುಕೊಳ್ಳಲಾಗದವರ ಸಂಭ್ರಮ.

"ನಿಮ್ಮಣ್ಣ ಅಂಗಡಿಯವನ ತಲೆ ತಿಂದು ತಂದಿದ್ದು. ಲ್ಯಾಪ್‌ಟಾಪ್ ಇದ್ರೆ ಇದು ಬೇಡ ಅಂದನಂತೆ ಅವನು. ಬೇಕೋ ಬೇಡವೋ ನಮಗೆ ಗೊತ್ತು, ನೀನು ಕೊಡಪ್ಪಾ ಅಂದರಂತೆ ಇವರು."

"ಹೊಲಿಗೆ ಮೆಷಿನ್ನು?"

"ಅದು ಹಾಲ್‌ನಲ್ಲಿ ಬಿದ್ದಿರುತ್ತೆ ಬಿಡು. ನಾನೇನು ದಿನಾ ಹೊಲಿದು ಸಾಯ್ತಿದೀನಾ. ಹಾಕು, ಹಾಕು, ನೋಡೋಣ."

ತಂತಿ ಚುಚ್ಚಿದೆ. ಸ್ಕ್ರೀನ್ ಹೊತ್ತಿಕೊಂಡಿತು. ಟಿಣ್ ಎಂದಿತು. ಪೆಟ್ಟಿಗೆ ಈ ಸಲ ನನ್ನ ಎದುರೇ ಬಂತು. ಅತ್ತಿಗೆ ನನ್ನ ಭುಜದ ಮೇಲಿಂದ ಬಗ್ಗಿ, ಒಂದೊಂದೇ ಪದ ಬಿಡಿಸಿ ಓದಿದರು.

"ಇದೊಂದೇ ಸಾಕಾ. ಎರಡರಲ್ಲೂ ಒಂದೇನಾ. ಎರಡನೇದಕ್ಕೆ ವಿಸ್ತರಿಸಬೇಕಾ. ಏನೇ ಇದು, ಪರೀಕ್ಷೆ ಪ್ರಶ್ನೆ ಕೇಳಿದ ಹಾಗೆ ಕೇಳ್ತಿದೆ. ಯಾವುದು ಒತ್ತಲಿ?"

ಉತ್ತರ ನನಗೆ ಗೊತ್ತಿತ್ತು. ನನ್ನ ಗಂಡ ಮೊದಲ ದಿನ ನನ್ನ ಪಕ್ಕ ಮಂಡಿಯೂರಿ ಕೂತು ಒತ್ತಿದ್ದು ಮೂರನೆಯದನ್ನು. ಹೇಳಲು ಬಾಯಿ ತೆರೆದೆ.

"ನಿಮಗೆ ತೋಚಿದ್ದು ಒತ್ತಿ ಅತ್ತಿಗೆ."

ಅವರು ಸೆರಗಿನಿಂದ ಬೆರಳು ಒರೆಸಿಕೊಂಡು ನಡುವಿನದನ್ನು ಒತ್ತಿದರು. ಎರಡು ಸ್ಕ್ರೀನಿನಲ್ಲೂ ಒಂದೇ ಪುಟ ಬಂತು. ಅಲ್ಪವಿರಾಮ ಮೇಡಂ ಬೆಳಿಗ್ಗೆ ಕಳಿಸಿದ್ದ, ಇಸ್ತ್ರಿಪೆಟ್ಟಿಗೆಯ ಚೀಟಿ. ಚಿಕ್ಕದರಲ್ಲಿ ಚಿಕ್ಕದಾಗಿ, ದೊಡ್ಡದರಲ್ಲಿ ದೊಡ್ಡದಾಗಿ ಅದೇ ಮೂಲ. ಅನುವಾದ ಎರಡರಲ್ಲೂ ಇರಲಿಲ್ಲ.

"ನೋಡು, ಎರಡರಲ್ಲೂ ಬಂತು," ಎಂದರು ಅತ್ತಿಗೆ. ಹೊರಗೆ ತಿರುಗಿ, "ರೀ, ಬಂತು, ಎರಡರಲ್ಲೂ ಬಂತು," ಎಂದು ಅಣ್ಣನಿಗೆ ಕೂಗಿ ಹೇಳಿದರು. ಅವನು ಕೈಯಲ್ಲಿ ಟವೆಲ್ ಹಿಡಿದು ಬಂದು ಬಾಗಿಲಲ್ಲಿ ನಿಂತ.

"ಈಗ ಅನುಕೂಲ ಆಯ್ತಾ?"

"ಆಯ್ತು ಅಣ್ಣ."

"ಇನ್ನು ಕೆಲಸ ಓಡುತ್ತೆ ಬಿಡು."

ಅವರಿಬ್ಬರೂ ಅಲ್ಲೇ ನಿಂತಿದ್ದರು, ಕೆಲಸ ಓಡುವುದನ್ನು ನೋಡಲು. ನಾನು ಕುರ್ಚಿ ಎಳೆದುಕೊಂಡು ಕೂತೆ. ಕತ್ತು ಎಡಕ್ಕೆ ಹೊರಳಿತು, ಅಲ್ಲಿ ಕಿಟಕಿ. ಬಲಕ್ಕೆ ತಿರುಗಿಸಿಕೊಂಡು, ದೊಡ್ಡದರಲ್ಲಿ ಮೊದಲ ಸಾಲನ್ನು ಮನಸ್ಸಿನಲ್ಲೇ ಓದಿದೆ. ಆಮೇಲೆ ಚಿಕ್ಕದರಲ್ಲಿ ಅದೇ ಸಾಲನ್ನು ಓದಿದೆ. ತಾಳೆಯಾಯಿತು.